ಖೇತಣ್ಣನ ಶ್ರುತಿ

ನಮ್ಮಣ್ಣ ಖೇತಾನಿಗೆ ಹಾಡಲು ಬರುವುದಿಲ್ಲ. ಹಾಡುವುದೇ ಕಸುಬಾದ ಮರಳುಗಾಡಿನ ಮಾಂಗಣಿಯಾರರ ಮನೆಯಲ್ಲಿ ಹುಟ್ಟಿ ಹಾಡಲು ಬಾರದಿರುವುದೆಂದರೆ ಈಜು ಬಾರದ ಬೆಸ್ತನಿದ್ದ ಹಾಗೆ. ಏಳು ತಲೆಮಾರಿನಿಂದ ಹಾಡಿಯೇ ರೊಟ್ಟಿ ತಿಂದವರು ನಾವು. ನಮ್ಮ ಕೂಸುಗಳು ಅತ್ತರೂ ಶ್ರುತಿಯಲ್ಲೇ ಅಳುತ್ತವೆ ಎಂದು ಹೊರಗಿನವರ ಮುಂದೆ ಜಂಬ ಕೊಚ್ಚುವುದು ನಮ್ಮ ಹಟ್ಟಿಯ ಗಂಡಸರಿಗೆಲ್ಲ ಚಟ. ಆ ಚಟ ನನಗೆ ಎಲ್ಲರಿಗಿಂತ ಜಾಸ್ತಿ. ಸಾವಲ್ ಹಾಡಿದರೆ ಒಂಟೆ ಕೂಡ ಮೆಲುಕು ನಿಲ್ಲಿಸಿ ಕೇಳುತ್ತದೆ ಎನ್ನುತ್ತಾರೆ. ಆ ಸಾವಲ್ ನಾನೇ. ಈ ಮಾತು ನಾನು ಹೇಳಿದ್ದಲ್ಲ, ಜನ ಹೇಳಿದ್ದು. ಒಂದೆರಡು ಸಲ ನಾನೂ ಹೇಳಿರಬಹುದು.

ಅಣ್ಣ ನನಗಿಂತ ಹನ್ನೊಂದು ವರ್ಷ ದೊಡ್ಡವನು. ಅಪ್ಪ ಅವನ ಜೊತೆ ಆರು ವರ್ಷ ಗುದ್ದಾಡಿದ, ಒಂದೇ ಸಾಲನ್ನು ದಿನಕ್ಕೆ ನೂರು ಸಲ ಹೇಳಿಸಿದ. ಎಲ್ಲಿ ತಪ್ಪುತ್ತಿದೆ ಎಂದು ಅಣ್ಣನಿಗೆ ಚೆನ್ನಾಗಿಯೇ ಗೊತ್ತಾಗುತ್ತಿತ್ತಂತೆ, ತಪ್ಪಿದ ಕೂಡಲೇ ಮುಖ ಕಿವುಚುತ್ತಿದ್ದನಂತೆ. ಗಂಟಲು ಮಾತ್ರ ಅವನ ಮಾತು ಕೇಳಲಿಲ್ಲ. ಕೊನೆಗೆ ಅಪ್ಪ ಸಾಕಾಗಿ, ಕಮಾಯಚವನ್ನು ಅವನ ಮಡಿಲಿಗಿಟ್ಟು, ಇನ್ನು ಬಾಯಿ ಮುಚ್ಚಿಕೊಂಡು ಇದನ್ನು ನುಡಿಸು ಎಂದ. ಮೇಕೆಯ ಚರ್ಮ ಬಿಗಿದ ದುಂಡು ಹೊಟ್ಟೆಯ ವಾದ್ಯ ಅದು, ಕಮಾನಿನಿಂದ ಉಜ್ಜಿ ನುಡಿಸುವುದು. ಮೈತುಂಬ ತಂತಿ, ಗಾಳಿ ಸ್ವಲ್ಪ ತಿರುಗಿದರೂ ಶ್ರುತಿ ಇಳಿಯುತ್ತದೆ. ಬೇರೆಯವರು ಅರ್ಧ ಗಂಟೆ ತಿರುಚಾಡುವುದನ್ನು ಅಣ್ಣ ಒಂದು ಬೀಡಿ ಸೇದುವಷ್ಟರಲ್ಲಿ ಕೂಡಿಸಿಬಿಡುತ್ತಿದ್ದ. ಹಟ್ಟಿಯ ಕಮಾಯಚಗಳೆಲ್ಲ ಮದುವೆಗೆ ಹೊರಡುವ ಮೊದಲು ಅವನ ಜಗಲಿ ಹತ್ತಿ ಇಳಿದೇ ಹೋಗುತ್ತಿದ್ದವು. ಅದನ್ನು ಯಾರೂ ದೊಡ್ಡದು ಮಾಡಲಿಲ್ಲ. ಚಾಕು ಸಾಣೆ ಹಿಡಿದವನಿಗೆ ಅಡುಗೆಯ ಹೆಸರು ಯಾರು ಕೊಡುತ್ತಾರೆ?

ಅಪ್ಪ ತೀರಿಕೊಂಡ ಮೇಲೆ ನಾವಿಬ್ಬರೂ ಯಜಮಾನರ ಮನೆಗಳನ್ನು ಹಂಚಿಕೊಂಡೆವು. ಬೇರೆಯವರು ಹೊಲ ಹಂಚಿಕೊಂಡ ಹಾಗೆ ನಾವು ಬಾಗಿಲುಗಳನ್ನು ಹಂಚಿಕೊಳ್ಳುತ್ತೇವೆ. ಆ ಮನೆಯಲ್ಲಿ ಹುಟ್ಟು, ಮದುವೆ ಏನೇ ಆದರೂ ಬಾಗಿಲಲ್ಲಿ ಕೂತು ಹಾಡುವ ಹಕ್ಕು ನಮ್ಮದು. ನಮ್ಮ ಹೊಟ್ಟೆ ಬಟ್ಟೆ ನೋಡಿಕೊಳ್ಳುವ ಜವಾಬ್ದಾರಿ ಅವರದು. ಎಲ್ಲಕ್ಕಿಂತ ದೊಡ್ಡದಾದ ಠಾಕೂರರ ಬಾಗಿಲು ಅಣ್ಣನ ಪಾಲಿಗೆ ಬಂತು. ಅಲ್ಲಿ ನಾನು ಹಾಡುತ್ತಿದ್ದೆ, ಅಣ್ಣ ಪಕ್ಕದಲ್ಲಿ ನುಡಿಸುತ್ತಿದ್ದ, ಬಾಗಿಲು ಅವನದಾದ್ದರಿಂದ ಮರ್ಯಾದೆಯ ರುಮಾಲು ಮಾತ್ರ ಅವನ ತಲೆಗೆ ಸುತ್ತುತ್ತಿದ್ದರು. ಇಪ್ಪತ್ತು ವರ್ಷ ನನ್ನ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಹಳೆಯ ಠಾಕೂರರು ಹೋದ ಮೇಲೆ ಅವರ ಮಗ ತೇಜಮಾಲ್ ಸಿಂಗರು ಮನೆಯ ಯಜಮಾನರಾದರು. ಒಂದು ದಿನ ಚಹಾ ಕುಡಿಯುತ್ತಾ, ಹಾಡು ಹುಟ್ಟಿನಿಂದ ಬರುತ್ತದೋ ಕಲಿತರೆ ಬರುತ್ತದೋ ಎಂದು ನನ್ನನ್ನು ಕೇಳಿದರು. ನನ್ನ ನಾಲಿಗೆ ಸುಮ್ಮನಿದ್ದೀತೇ?

"ಹುಟ್ಟಿನಿಂದ್ಲೇ ಬರಬೇಕು, ಹುಕುಂ," ಎಂದೆ. ಒಡೆಯರನ್ನು ನಾವು ಹಾಗೇ ಕರೆಯುವುದು. "ಒಂದೇ ಹೊಟ್ಟೇಲಿ ಹುಟ್ಟಿ ಒಂದೇ ರೊಟ್ಟಿ ತಿಂದೋರು ನಾವು. ನನ್ನ ನೋಡಿ, ನಮ್ಮಣ್ಣನ್ನ ನೋಡಿ. ಆರು ವರ್ಷ ಕಲಿಸಿದ್ರು ಅವನಿಗೆ. ಏನ್ ಬಂತು?"

ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಹಾಗಾದರೆ ಹಾಡಲು ಬಾರದವನಿಗೆ ನಮ್ಮ ಬಾಗಿಲಲ್ಲಿ ಏನು ಕೆಲಸ ಎಂದು ಕೇಳಿದರು. ಅವರ ಹೆಂಡತಿ ತುಂಬು ಬಸುರಿ. ಮಗು ಹುಟ್ಟಿದಾಗ ಖೇತಾನೇ ಹಾಡಬೇಕು, ಇಲ್ಲದಿದ್ದರೆ ಬಾಗಿಲು ಸಾವಲ್‌ನದು ಎಂದು ಹೇಳಿ ಕಳಿಸಿದರು. ನಾನು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ.

ಸುದ್ದಿ ಮುಟ್ಟಿದಾಗ ಅಣ್ಣ ಯಾರದೋ ಕಮಾಯಚದ ಶ್ರುತಿ ಕೂಡಿಸುವುದನ್ನೇ ಮುಂದುವರಿಸಿದ. ಅತ್ತಿಗೆ ಬಿಡಲಿಲ್ಲ. "ನಿನ್ನ ಹೆಗಲ ಮೇಲೆ ಹೊತ್ತು ಬೆಳೆಸಿದೋನ ಹೊಟ್ಟೆ ಮೇಲೇ ಹೊಡೆದೆಯಲ್ಲೋ," ಎಂದು ರಸ್ತೆಯಲ್ಲೇ ನಿಲ್ಲಿಸಿ ಅಂದಳು. ನಾನು ಕಿವುಡನ ಹಾಗೆ ಹೋಗಿಬಿಟ್ಟೆ.

ಹೋಳಿ ಮುಗಿದ ಮರುವಾರ ಮಗು ಹುಟ್ಟಿತು. ಐದನೆಯ ದಿನ ಬೆಳಿಗ್ಗೆ ನಾವೆಲ್ಲ ಹೋದೆವು. ನಮ್ಮಮ್ಮ ಹೆಂಗಸರ ಜೊತೆ ಒಳಬಾಗಿಲ ಹತ್ತಿರ ಕೂತಳು, ಗಂಡಸರು ಅಂಗಳದಲ್ಲಿ. ಒಳಗೆ ಮಗು ಬೆಳಗಿನಿಂದ ಒಂದೇ ಸಮನೆ ಅಳುತ್ತಿತ್ತು. ಹೆಂಗಸರು ಮೂರು ಹಾಡು ಹಾಡಿದರೂ ನಿಲ್ಲಲಿಲ್ಲ. ಠಾಕೂರರು ಬಂದು ಮಂಚದ ಮೇಲೆ ಕೂತು, ಹಾಡು ಖೇತಾ ಎಂದರು.

ಅಣ್ಣ ಬಾಯಿ ತೆರೆದ. ಹಾಗೇ ಮುಚ್ಚಿದ. ಆ ಕ್ಷಣದಲ್ಲಿ ನನಗೆ ಖುಷಿಯಾಯಿತು. ದೇವರು ಅದನ್ನು ಕ್ಷಮಿಸಲಿ.

ಆಮೇಲೆ ಅವನು ತಲೆ ವಾಲಿಸಿ ಮಗುವಿನ ಅಳು ಕೇಳುತ್ತಾ, ಒಂದು ಬಿರಡೆ ತಿರುಗಿಸಿದ. ಕಮಾನು ಎಳೆದು ನೋಡಿದ. ಕೂಡಲಿಲ್ಲ. ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿದ. ಕೂಡಿತು. ಕಮಾಯಚ ಮಗುವಿನ ಅಳುವಿನ ಜೊತೆ ಹೊರಟಿತು. ಮಗು ಏರಿದರೆ ಏರಿತು, ಮಗು ಉಸಿರಿಗೆ ನಿಂತರೆ ತಾನೂ ನಿಂತಿತು. ಹೆಂಗಸರು ಪಿಸುಮಾತು ನಿಲ್ಲಿಸಿದರು. ಎಷ್ಟು ಹೊತ್ತಾಯಿತೋ, ಒಂದು ಸಲ ಅಣ್ಣ ಬೇಕೆಂದೇ ಕಮಾನು ತಡೆದ. ಒಳಗೆ ಮಗುವೂ ತಡೆಯಿತು, ಕಾಯುವಂತೆ. ಅವನು ಸ್ವರವನ್ನು ಮೆಲ್ಲಗೆ ಕೆಳಗಿಳಿಸಿದ, ಅಳುವೂ ಅದರ ಬೆನ್ನಿಗೆ ಇಳಿಯಿತು. ಇಳಿದು ಇಳಿದು ಸುಮ್ಮನಾಯಿತು.

ಇದು ಹಾಡಲ್ಲವಲ್ಲ, ಎಂದರು ಠಾಕೂರರು. ಆದರೆ ದನಿ ತಗ್ಗಿಸಿ ಅಂದರು.

ಅಮ್ಮ ಸೆರಗು ಮುಂದಕ್ಕೆಳೆದುಕೊಂಡು ಎದ್ದು ನಿಂತಳು. ಗಂಡಸರ ಮುಂದೆ ಅವಳು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಈ ನನ್ನ ಸಾವಲ್ ಹುಟ್ಟಿದಾಗ ಬಾಣಂತನದ ನಲವತ್ತು ದಿನವೂ ಹೀಗೇ ಅಳ್ತಿದ್ದ, ಹುಕುಂ. ನನಗೆ ಜ್ವರ, ಹಾಲಿರಲಿಲ್ಲ. ಆಗಷ್ಟೇ ಖೇತಾನ ಕೈಗೆ ಕಮಾಯಚ ಬಂದಿತ್ತು. ತೊಟ್ಟಿಲ ಹತ್ರ ಕೂತು ಇವನ ಅಳು ಹಿಡ್ಕೊಂಡೇ ನುಡಿಸ್ತಿದ್ದ. ಮೊದಲು ಕಮಾಯಚ ಇವನ ಹಿಂದೆ ಹೋಯ್ತು, ಆಮೇಲೆ ಇವನು ಅದರ ಹಿಂದೆ ಬಂದ. ಮಾತಿಗಿಂತ ಮುಂಚೆ ಶ್ರುತಿ ಬಂತು ಇವನಿಗೆ. ನಮ್ಮ ಗಂಡಸರು ಅದನ್ನ ಹುಟ್ಟಿನಿಂದ ಬಂದದ್ದು ಅಂತಾರೆ. ಹೆತ್ತೋಳು ನಾನು. ಹುಟ್ಟಿನಿಂದ ಇವನಿಗೆ ಬಂದದ್ದು ಬರೀ ಕಿರುಚಾಟ."

ಹೆಂಗಸರು ಸೆರಗಿನೊಳಗೇ ನಕ್ಕರು. ಐವತ್ತು ವರ್ಷ ನನ್ನದೆಂದು ಊರೆಲ್ಲ ಮೆರೆಸಿದ್ದು ನನ್ನದಾಗಿರಲಿಲ್ಲ.

ಠಾಕೂರರು ನನ್ನ ಕಡೆ ತಿರುಗಿದರು. ಖೇತಾ ಹಾಡಲಿಲ್ಲ, ಮಾತಿನಂತೆ ಬಾಗಿಲು ನಿನ್ನದು, ಏನನ್ನುತ್ತೀ ಎಂದು ಕೇಳಿದರು. ಇಪ್ಪತ್ತು ವರ್ಷ ಕಾದಿದ್ದ ಮಾತು ಅದು.

"ನಾನು ಈ ಬಾಗಿಲಲ್ಲಿ ಹಾಡಿದ್ದೆಲ್ಲ ಅವನು ಹಾಡಿಸಿದ್ದು, ಹುಕುಂ," ಎಂದೆ. "ನನಗೆ ಬೇಡ."

ಠಾಕೂರರು ಇಬ್ಬರನ್ನೂ ನೋಡಿ, ಹೊಸ ರುಮಾಲು ತರಿಸಿ ಅಣ್ಣನ ತಲೆಗೆ ತಾವೇ ಸುತ್ತಿದರು. ಅಂಗೈಯಲ್ಲಿ ಬೆಲ್ಲ ಇಟ್ಟರು. ಅಣ್ಣ ಅದನ್ನು ಮುರಿದು ದೊಡ್ಡ ತುಂಡು ನನಗೆ ಕೊಟ್ಟ.

ಹಾಡು ಹುಟ್ಟಿನಿಂದಲೋ ಕಲಿತೋ ಎಂದು ಈಗ ಯಾರಾದರೂ ಕೇಳಿದರೆ ನನಗೆ ಗೊತ್ತಿಲ್ಲ ಎನ್ನುತ್ತೇನೆ. ಅಣ್ಣ ತನ್ನ ಮಕ್ಕಳ ತೊಟ್ಟಿಲ ಹತ್ತಿರವೂ ಹಾಗೇ ಕೂತಿದ್ದ. ಅವರಲ್ಲಿ ಒಬ್ಬ ಪರವಾಗಿಲ್ಲ ಎನ್ನುವಂತೆ ಹಾಡುತ್ತಾನೆ, ಇನ್ನೊಬ್ಬ ಜೀಪು ಓಡಿಸುತ್ತಾನೆ, ಹಾರ್ನ್ ಮಾತ್ರ ಶ್ರುತಿಯಲ್ಲಿ ಹೊಡೆಯುತ್ತಾನೆ ಎಂದು ಅತ್ತಿಗೆ ತಮಾಷೆ ಮಾಡುತ್ತಾಳೆ. ನನ್ನ ಮಟ್ಟಿಗೆ ಒಂದು ಮಾತ್ರ ಗೊತ್ತು. ನನಗಾಗಿ ಒಬ್ಬ ನಲವತ್ತು ದಿನ ಕೂತಿದ್ದ, ತನಗೆ ಸಿಗದೇ ಹೋದದ್ದನ್ನು ನನಗೆ ಕೊಟ್ಟ.

ಅವತ್ತು ಮರಳಿನಲ್ಲಿ ಮನೆಗೆ ನಡೆಯುವಾಗ, ಇದನ್ನೆಲ್ಲ ನನಗೆ ಯಾಕೆ ಹೇಳಲಿಲ್ಲ ಎಂದು ಅವನನ್ನು ಕೇಳಿದೆ.

"ಹೇಳಿದ್ರೆ ಹಾಡೋವಾಗೆಲ್ಲ ನನ್ನ ಮುಖ ನೋಡ್ತಿದ್ದೆ," ಎಂದ. "ಹಾಡೋನು ಜನರ ಮುಖ ನೋಡ್ಬೇಕು ಕಣೋ."

ಈಗ ಅವನಿಗೆ ಎಪ್ಪತ್ತಾರು. ಪಕ್ಕದಲ್ಲಿ ಕೂತು ಶ್ರುತಿ ಕೂಡಿಸುತ್ತಾನೆ. ಹಾಡು ಎತ್ತಿಕೊಳ್ಳುವ ಮುಂಚೆ ನಾನು ಪ್ರತಿ ಸಲ ಅವನ ಮುಖವನ್ನೇ ನೋಡುತ್ತೇನೆ. ಅವನಿಗೆ ಸಿಟ್ಟು ಬರುತ್ತದೆ. ಬರಲಿ.