ಪಡೀಲಿನ ದಿಬ್ಬ ಮತ್ತು ಇನಾಸ್ ಮಾಸ್ಟ್ರು

ಪಡೀಲಿನ ಆ ಮಣ್ಣಿನ ದಿಬ್ಬ ಹತ್ತುವಾಗ ಇನಾಸ್ ಮಾಸ್ಟ್ರು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಮುಳ್ಳು ಚುಚ್ಚಿದರೂ ಸರಿಯೇ. "ಕೆಳಗೆ ಜನ ಮಲಗಿದ್ದಾರೆ ಟೀಚರ್. ಅವರ ತಲೆ ಮೇಲೆ ಚಪ್ಪಲಿ ಹಾಕಿ ನಡೀಲಿಕ್ಕೆ ಆಗ್ತದಾ?" ಎನ್ನುವರು. ನಾನೂ ಕಳಚುತ್ತಿದ್ದೆ. ಅವರ ಮಾತನ್ನು ಅಷ್ಟು ನಂಬಿದ್ದೆ.

ಐವತ್ತರ ದಶಕದ ಕೊನೆ. ಪಡೀಲಿಗೆ ಹತ್ತಿರದ, ಮಂಗಳೂರಿನ ನಮ್ಮ ಶಾಲೆಯಲ್ಲಿ ಅವರು ಚರಿತ್ರೆ ಹೇಳುತ್ತಿದ್ದರು, ನಾನು ಹೊಸದಾಗಿ ಸೇರಿದ ಡ್ರಾಯಿಂಗ್ ಟೀಚರ್. ಮಳೆಗೆ ದಿಬ್ಬದ ಒಂದು ಮಗ್ಗುಲು ಜರಿದು ದೊಡ್ಡ ಮಡಕೆಯೊಂದರ ಬಾಯಿ ಕಂಡಿತ್ತು. ಒಳಗೆ ಬೂದಿ, ಎಲುಬಿನ ಚೂರು. ಊರವರು ಅದು ಪಾಂಡವರದ್ದೆಂದು ಕೈಮುಗಿದು ದೂರ ಹೋಗುತ್ತಿದ್ದರು. ಮಾಸ್ಟ್ರಿಗೆ ನಗು. "ಪಾಂಡವರಿಗೆ ಇಲ್ಲಿ ಎಂತ ಕೆಲಸ ಮಾರಾಯ್ರೆ? ಇವರು ನಮ್ಮ ಹಾಗೇ ಗಂಜಿ ಉಂಡವರು. ಸತ್ತವರನ್ನು ಮಡಕೆಯಲ್ಲಿ ಇಟ್ಟು, ಬುಟ್ಟಿ ಬುಟ್ಟಿ ಮಣ್ಣು ಹೊತ್ತು ಹಾಕಿದ್ದಾರೆ. ಪ್ರೀತಿ ಇಲ್ಲದೆ ಯಾರಾದರೂ ಅಷ್ಟು ಮಣ್ಣು ಹೊರ್ತಾರಾ?"

ನಾನು ಮಡಕೆಯ ಚಿತ್ರ ಬರೆದುಕೊಂಡ ಮೇಲೆ, ಅದಕ್ಕೆ ಏನೂ ಆಗಬಾರದೆಂದು ನಾವೇ ಮತ್ತೆ ಮಣ್ಣು ಮುಚ್ಚಿದೆವು. ಎರಡು ವರ್ಷ, ಶನಿವಾರ ಮಧ್ಯಾಹ್ನ, ಅವರ ಹೆಂಡತಿ ಕಟ್ಟಿಕೊಟ್ಟ ಇಡ್ಲಿಯಂಥ ಸಾನ್ನಣ ತಿಂದು ಅವರು ಹಗ್ಗ ಹಿಡಿದು ಅಳೆದರು, ನಾನು ದಿಬ್ಬದ ಚಿತ್ರ ಬರೆದೆ. ದಿಬ್ಬವನ್ನು ಉಳಿಸಬೇಕೆಂದು ಸರಕಾರಕ್ಕೆ ಅವರು ಕಾಗದದ ಮೇಲೆ ಕಾಗದ ಹಾಕಿದರು. ಅಂತೂ ಅಧಿಕಾರಿಯೊಬ್ಬರು ನೋಡಲು ಬರುವುದೆಂದಾಯಿತು.

ಅದೇ ತಿಂಗಳು, ಶಾಲೆಯ ತಗ್ಗು ಮೈದಾನ ತುಂಬಿಸಲು ಮ್ಯಾನೇಜರರು ಆ ದಿಬ್ಬದ ಮಣ್ಣನ್ನೇ ಗೊತ್ತುಮಾಡಿದರು. ಹೆಡ್ಮಾಸ್ತರರ ಕುರ್ಚಿಯೂ ಆಗ ಖಾಲಿಯಿತ್ತು. ಅದನ್ನು ಕೊಡುವವರೂ ಅವರೇ.

ಅಧಿಕಾರಿ ಬಂದ ದಿನ ಮ್ಯಾನೇಜರರು ಪಕ್ಕದಲ್ಲೇ ನಿಂತಿದ್ದರು. "ಎಲ್ಲಿ, ತೋರಿಸಿ" ಎಂದರು ಅಧಿಕಾರಿ.

"ಎಂತದೂ ಇಲ್ಲ ಸರ್. ಬರೇ ಮಣ್ಣು. ನಾನೇ ಸ್ವಲ್ಪ ಅವಸರ ಮಾಡಿ ಬರೆದದ್ದು" ಎಂದರು ಇನಾಸ್ ಮಾಸ್ಟ್ರು.

ನನ್ನ ಮುಖ ನೋಡಲಿಲ್ಲ. ಚಿತ್ರಗಳು ನನ್ನ ಚೀಲದಲ್ಲೇ ಇದ್ದವು. ನನ್ನದು ಖಾಯಂ ಆಗದ ಕೆಲಸ, ನಾನೂ ಬಾಯಿ ಬಿಡಲಿಲ್ಲ. ಆದರೆ ಸಿಟ್ಟೆಲ್ಲ ಬಂದದ್ದು ಅವರ ಮೇಲೆ. ನನ್ನನ್ನು ನಂಬಿಸಿದವರು ಅವರಲ್ಲವೇ?

ಲಾರಿಯಲ್ಲಿ ಮಣ್ಣು ಬಂತು. ಮುಂದಿನ ಮಳೆಗೆ ಮೈದಾನದಲ್ಲಿ ಕಪ್ಪು, ಕೆಂಪು ಮಡಕೆ ಚೂರುಗಳು ಮೇಲೆದ್ದವು. ಹುಡುಗಿಯರು ಅವನ್ನೇ ಹೆಕ್ಕಿ ಕುಂಟೆಬಿಲ್ಲೆ ಆಡಿದರು. ಹೊಸ ಹೆಡ್ಮಾಸ್ತರರಾದ ಇನಾಸ್ ಮಾಸ್ಟ್ರು ಆ ಕಡೆಯ ಕಿಟಕಿ ತೆರೆಯುತ್ತಿರಲಿಲ್ಲ. ಆರೇಳು ವರ್ಷ ನಮ್ಮೊಳಗೆ ಕೆಲಸಕ್ಕೆ ಬೇಕಾದಷ್ಟೇ ಮಾತು.

ನಿವೃತ್ತಿಯ ದಿನ ಹಾರ ತೆಗೆದಿಟ್ಟು ನನ್ನ ಕೋಣೆಗೆ ಬಂದರು. "ಆ ಚಿತ್ರಗಳು ಉಂಟಾ ಟೀಚರ್? ಇನ್ನು ನನಗೆ ಯಾರ ಹೆದರಿಕೆಯೂ ಇಲ್ಲ. ಎಲ್ಲ ಬರೀತೇನೆ, ನಾನು ಮಾಡಿದ್ದನ್ನು ಸಹ."

ಮನೆಯ ಪೆಟ್ಟಿಗೆಯಲ್ಲಿ ಒಂದೂ ಹಾಳಾಗದೆ ಇದ್ದವು. "ಇಲ್ಲ ಸರ್. ಗೆದ್ದಲು ತಿಂತು" ಎಂದೆ.

"ಹೌದಾ" ಎಂದು ಹೊರಟರು. ಮರುವರ್ಷ ತೀರಿಕೊಂಡರು.

ಅವರಿಗೆ ಸರಿಯಾಗಿ ಬುದ್ಧಿ ಕಲಿಸಿದೆನೆಂದು ಅಂದು ಹಿಗ್ಗಿದ್ದೆ. ದಿಬ್ಬದ ಆ ಜನರನ್ನು ಅವರು ಒಮ್ಮೆ ಇಲ್ಲ ಎಂದಿದ್ದರು. ಎರಡನೆಯ ಸಲ ಇಲ್ಲ ಎಂದವಳು ನಾನು.