ಎದುರಂಗಡಿಯ ಟೊಮೆಟೊ

ಪೆನಾಂಗ್ ದ್ವೀಪದ ಬಯಾನ್ ಲೆಪಾಸ್‌ನಲ್ಲಿ, ನಮ್ಮ ಕಾಂಡೋ ಕಟ್ಟಡದ ಹಿಂದಿನ ಬೀದಿಯಲ್ಲಿ, ಧಾರವಾಡ ಕಡೆಯ ಅಕ್ಕನೊಬ್ಬಳು ತರಕಾರಿ ಅಂಗಡಿ ಇಟ್ಟಿದ್ದಳು. ಬೆಂಡೆಕಾಯಿಯನ್ನು ಗಿರಾಕಿಯ ಮುಖದ ಮುಂದೆಯೇ ಟಕ್ಕೆಂದು ಮುರಿದು, "ಎಳೀದು ಐತಿ ಲಾ, ಈಗ ಚೌಕಾಸಿ ಮಾಡ್ರಿ" ಎಂದು, ಅಲ್ಲಿನವರ ಮಾತಿನ "ಲಾ" ಸೇರಿಸಿ ಹೇಳುವುದು ಅವಳ ಪದ್ಧತಿ.

ಎದುರಿಗೆ ಒಬ್ಬ ತಮಿಳು ಮುದುಕರದೂ ತರಕಾರಿ ಅಂಗಡಿಯೇ. ಇವಳು ಟೊಮೆಟೊ ಬೆಲೆ ಕೂಗಿದರೆ ಅವರು ಅದಕ್ಕಿಂತ ಕಡಿಮೆ ಕೂಗುತ್ತಿದ್ದರು. ಅದು ಬಿಟ್ಟರೆ ಇಬ್ಬರ ನಡುವೆ ಮಾತೇ ಇರಲಿಲ್ಲ.

ಲಾಕ್‌ಡೌನ್ ಕಾಲದಲ್ಲಿ ಮುದುಕರು ಕೋವಿಡ್ ಬಂದು ಆಸ್ಪತ್ರೆ ಸೇರಿದರು. ಇನ್ನು ಬೀದಿಯ ವ್ಯಾಪಾರವೆಲ್ಲ ಅಕ್ಕನದೇ ಎಂದುಕೊಂಡೆವು. ಮರುದಿನ ಅವರ ಮಾಲು ಹೊತ್ತ ಲಾರಿ ಬಂದು, ಮುಚ್ಚಿದ ಶಟರ್ ಎದುರು ನಿಂತಿತು. ಅಕ್ಕ ಕೈಬೀಸಿ ಎಲ್ಲವನ್ನೂ ತನ್ನ ಅಂಗಡಿಯಲ್ಲಿ ಇಳಿಸಿಕೊಂಡಳು. ಆಮೇಲೆ ಮುದುಕರಿಗೆ ಫೋನ್ ಮಾಡಿ, ಅರ್ಧ ತಮಿಳಿನಲ್ಲಿ, ಚಿಂತೆ ಮಾಡಬೇಡಿ, ನಾನು ಮಾರಿಕೊಡುತ್ತೇನೆ ಎಂದಳು.

ಅವರ ಟೊಮೆಟೊ ಮುಂದಿತ್ತು, ಅವಳದು ಒಳಗೆ. ನಾನು ಒಳಗಿನದನ್ನು ಕೇಳಿದೆ.

"ತಾಳ್ರಿ, ಮೊದ್ಲು ಅವರದು ಖಾಲಿ ಆಗ್ಲಿ."

"ನಿಮ್ಮದು ಕೊಳೆಯುತ್ತಲ್ಲ ಅಕ್ಕಾ?"

"ನಾ ಇಲ್ಲೇ ಅದೀನಲ್ಲ, ನಾಳೆ ಮತ್ತ ತರಸ್ತೀನಿ."

ವಾರಗಳ ಮೇಲೆ ಮುದುಕರು ಬಡಕಲಾಗಿ ಮರಳಿದರು. ಅಂಗಡಿ ತೆರೆದ ಮೊದಲ ಬೆಳಿಗ್ಗೆಯೇ ಮಾಸ್ಕ್ ಸರಿಸಿ, ನಡುಗುವ ದನಿಯಲ್ಲಿ ಅಕ್ಕನಿಗಿಂತ ಕಡಿಮೆ ಬೆಲೆ ಕೂಗಿದರು. ನನಗೆ ಸಿಟ್ಟು ಬಂತು. ಅಕ್ಕ ಮಾತ್ರ ಸೊಂಟದ ಮೇಲೆ ಕೈಯಿಟ್ಟು ಜೋರಾಗಿ ನಕ್ಕಳು.

"ಮುದುಕ ಹುಷಾರಾದ, ಬಿಡ್ರಿ!" ಎಂದವಳೇ, ಇನ್ನೂ ಕಡಿಮೆ ಕೂಗಲು ಉಸಿರೆಳೆದುಕೊಂಡಳು.