ಎರಡು ಬಾಗಿಲಿನ ಕಾರಿಗೆ ನಾಲ್ಕು ಬಾಗಿಲು

ನಮ್ಮ ಮನೆಯಲ್ಲಿ ಒಂದು ಅಮೆರಿಕದ ಕಾರಿತ್ತು. ಆಳಂದದಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಬೇಕೆಂದು ಯಾರೂ ಅತ್ತದ್ದೂ ಇಲ್ಲ. ಎಪ್ಪತ್ತರ ದಶಕದ ನಡುವೆ ಮುಂಬಯಿಗೆ ತೊಗರಿ ಮಾರಲು ಹೋದ ನನ್ನ ಗಂಡ, ತೊಗರಿ ಮಾರಿದ ದುಡ್ಡಿಗೆ ಅದನ್ನು ಕೊಂಡು ಬಂದರು. ಎಂಟು ಸಿಲಿಂಡರಿನ ಇಂಜಿನ್ನು, ಕೆಂಪು ಬಣ್ಣ, ಎಡಗಡೆ ಸ್ಟೇರಿಂಗು, ಎರಡೇ ಬಾಗಿಲು. ಬಾನೆಟ್ಟು ನಮ್ಮ ಅಡುಗೆಮನೆಯಷ್ಟು ಉದ್ದವಿತ್ತು.

ಅಂದಿನಿಂದ ಗಂಡನ ಬಾಯಲ್ಲಿ ಒಂದೇ ಮಾತು: ಒರಿಜಿನಲ್. ಬಣ್ಣ ಒರಿಜಿನಲ್, ಸೀಟಿನ ಹೊಲಿಗೆ ಕೂಡ ಒರಿಜಿನಲ್. ಆಯುಧಪೂಜೆಯ ದಿನ ಕುಂಕುಮ ಹಚ್ಚಲು ಹೋದರೆ, ಬಾನೆಟ್ಟಿನ ಮೇಲೆ ಪೇಪರು ಹಾಸಿ ಪೇಪರಿಗೆ ಹಚ್ಚಿಸಿದರು.

"ಇದು ಹಿಂಗ ಇದ್ರ ಮುಂದ ಬಂಗಾರ ಆಗ್ತದ," ಅಂದರು.

"ಬಂಗಾರನ ತಂದಿದ್ರ ಈಗೇ ಬಂಗಾರ ಇರ್ತಿತ್ತಲ್ರೀ," ಅಂದೆ.

ಸ್ಟೇರಿಂಗು ಎಡಗಡೆ ಇದ್ದುದರಿಂದ, ಮುಂದೊಂದು ಗಾಡಿ ಇದ್ದರೆ ಎದುರಿಗೆ ಬರುವ ಲಾರಿ ಗಂಡನಿಗೆ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಬಲಕ್ಕೆ ಕೂತ ಅತ್ತೆಗೆ ಕಾಣುತ್ತಿತ್ತು. ಅತ್ತೆ "ಹೋಗು" ಅಂದರೆ ಗಂಡ ಮುಂದಿನ ಗಾಡಿಯನ್ನು ದಾಟಬೇಕು, "ತಡಿ" ಅಂದರೆ ತಡೆಯಬೇಕು. ಅತ್ತೆ ಜನ್ಮದಲ್ಲಿ ಸೈಕಲ್ಲನ್ನೂ ಮುಟ್ಟಿದವರಲ್ಲ. ನನ್ನ ಜಾಗ ಹಿಂದೆ. ಮುಂದಿನ ಸೀಟು ಮಡಚಿ, ತಲೆ ತಗ್ಗಿಸಿ, ಅಂಬೆಗಾಲಿಟ್ಟು ಒಳಗೆ ಹೋಗಬೇಕಿತ್ತು.

ಮಗಳು ಹೊಟ್ಟೆಯಲ್ಲಿದ್ದಾಗ, ಐದನೇ ತಿಂಗಳಲ್ಲಿ, ಗಾಣಗಾಪುರಕ್ಕೆ ಹೋದೆವು. ನಾವು ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ಆದರೂ ಅತ್ತೆ ದತ್ತನ ಹುಣ್ಣಿಮೆ ತಪ್ಪಿಸುತ್ತಿರಲಿಲ್ಲ. ಗುಡಿಯ ಹತ್ತಿರ, ಅಷ್ಟು ಜನರ ಎದುರಿಗೆ, ಇಳಿಯುವಾಗ ನನ್ನ ಸೆರಗು ಸೀಟಿನ ಹಿಡಿಕೆಗೆ ಸಿಕ್ಕಿತು. ಅರ್ಧ ಒಳಗೆ, ಅರ್ಧ ಹೊರಗೆ ಉಳಿದೆ. ಗಂಡ ಓಡಿ ಬಂದರು.

"ಸಾವಕಾಶ, ಸೀಟ್ ಹರದೀತು. ಒರಿಜಿನಲ್ ಅದ," ಅಂದರು.

ನನಗೆ ಅಲ್ಲೇ ಅಳು ಬಂತು. ಮನೆಗೆ ಬಂದ ಮೇಲೆ, "ಹಿಂದಕ ಎರಡ ಬಾಗಲ ಮಾಡಸ್ರಿ," ಅಂದೆ. ಅವರ ಕೈ ಕತ್ತರಿಸಿ ಅಂದ ಹಾಗೆ ನನ್ನನ್ನು ನೋಡಿದರು. ಅಲ್ಲಿಗೆ ಆ ಮಾತು ಮುಗಿಯಿತು.

ಎಂಟು ದಿನ ಕಳೆದಿರಲಿಲ್ಲ. ಅತ್ತೆ ಪಡಸಾಲೆಯಲ್ಲಿ ಮೊಣಕಾಲು ಹಿಡಿದುಕೊಂಡು ಕೂತು ಮಗನನ್ನು ಕರೆದರು. "ನಂಗ ಮೊಣಕಾಲ ಹಿಡದಾವ. ಇನ್ನ ಹಿಂದ ಕಾಲ ಚಾಚಿ ಕೂಡ್ತೇನಿ. ಬಾಗಲ ಮಾಡಸು."

ಮಗ ಮರುದಿನವೇ ಹೇಳಿ ಕಳಿಸಿದರು. ತಗಡು ಕೊಯ್ದು ಬೆಸೆಯುವ ಪತ್ರಾ ಮಿಸ್ತ್ರಿ ಬಂದ. ಗುಜರಿಗೆ ಬಿದ್ದ ಟ್ಯಾಕ್ಸಿಯೊಂದರ ಎರಡು ಬಾಗಿಲು ತಂದು, ಕಾರಿನ ಎರಡೂ ಮಗ್ಗುಲು ಕೊಯ್ದು, ನಡುವೆ ಕಬ್ಬಿಣದ ಕಂಬ ನಿಲ್ಲಿಸಿ ಕೂಡಿಸಿದ. ಮೇಲೆ ಕೆಂಪು ಬಳಿದ. ಆ ಕೆಂಪೇ ಬೇರೆ, ಈ ಕೆಂಪೇ ಬೇರೆ. ಗಂಡ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಏಳನೇ ತಿಂಗಳಲ್ಲಿ ಕುಬಸದ ಶಾಸ್ತ್ರಕ್ಕೆಂದು ಜೇವರ್ಗಿ ದಾಟಿ ಇಜೇರಿಯ ನನ್ನ ತವರಿಗೆ ಹೊರಟೆವು. ನಾನು ಹೊಸ ಬಾಗಿಲು ತೆಗೆದು ನೆಟ್ಟಗೆ ಹತ್ತಿ ನೆಟ್ಟಗೆ ಕೂತೆ. ಅತ್ತೆ ಎಂದಿನಂತೆ ಮುಂದೆ ಕೂತರು. ಬಾಗಿಲೂ ಅವರ ಹೆಸರಿಗೆ, ಮುಂದಿನ ಸೀಟೂ ಅವರಿಗೇ. ಹೆಂಡತಿ ಕೇಳಿದರೆ ಆಗದ್ದು ಅವ್ವ ಕೇಳಿದರೆ ವಾರದಲ್ಲಿ ಆಗುತ್ತದೆ. ಈ ಸಿಟ್ಟನ್ನು ನಾನು ಹನ್ನೆರಡು ವರ್ಷ ಹಾಲು ಹಾಕಿ ಸಾಕಿದೆ.

ಆಮೇಲೆ ಪೆಟ್ರೋಲು ತುಟ್ಟಿಯಾಗಿ, ಕಾರು ಹುಣ್ಣಿಮೆಗೊಮ್ಮೆ ಗಾಣಗಾಪುರ ನೋಡಿ ಬಂದು ಉಳಿದ ದಿನ ಶೆಡ್ಡಿನಲ್ಲಿ ಮಲಗಿತು. ನನಗೆ ಆ ಶೆಡ್ಡು ಬೇಕಿತ್ತು. ಅಲ್ಲೊಂದು ಶ್ಯಾವಿಗೆ ಮಷೀನು ಹಾಕಿ ನನ್ನದೇ ಒಂದು ಉದ್ಯೋಗ ಮಾಡುವುದು, ಇಷ್ಟೇ ನನ್ನ ಆಸೆ. ವರ್ಷಗಟ್ಟಲೆ ಬೆನ್ನು ಹತ್ತಿದ ಮೇಲೆ ಗಂಡ ಒಪ್ಪಿದರು. ಹೈದರಾಬಾದಿನಿಂದ ಹಳೇ ಕಾರು ಕೊಳ್ಳುವವನೊಬ್ಬ ಬಂದ. ಇಂಜಿನ್ ನಂಬರು, ಚಾಸಿ ನಂಬರು ಎಲ್ಲ ತನ್ನ ಪುಸ್ತಕದ ಜೊತೆ ತಾಳೆ ನೋಡಿದ. ಎಲ್ಲವೂ ಹೊಂದಿದವು. ಗಂಡನ ಎದೆ ಉಬ್ಬಿತು. ಆಮೇಲೆ ಅವನು ಹಿಂದೆ ಸರಿದು ನಿಂತು ಬಾಗಿಲು ಎಣಿಸಿದ. ಸುತ್ತು ಹಾಕಿ ಬಂದು ಮತ್ತೊಮ್ಮೆ ಎಣಿಸಿದ.

"ಈ ಮಾಡೆಲ್ಲಿಗಿ ನಾಕ ಬಾಗಲ ಇಲ್ರೀ."

"ನಮ್ದಕ್ಕ ಅವ," ಅಂದರು ಗಂಡ. ಅವ್ವನ ಮಾತಿನಂತೆ ಮಾಡಿಸಿದ್ದು ಒರಿಜಿನಲ್ಲಿಗೆ ಅಡ್ಡ ಬರುತ್ತದೆ ಎಂಬುದು ಇಷ್ಟು ವರ್ಷದಲ್ಲಿ ಅವರಿಗೆ ಮರೆತೇ ಹೋಗಿತ್ತು.

ಎರಡೇ ಬಾಗಿಲಿದ್ದರೆ ಎರಡು ಟ್ರ್ಯಾಕ್ಟರಿನ ಬೆಲೆ ಬರುತ್ತಿತ್ತಂತೆ. ಈಗ ಗುಜರಿಯ ತೂಕದ ಬೆಲೆ. ಹಿಂದಿನವನ್ನು ಮುಚ್ಚಿಸಿ ಮೊದಲಿನಂತೆ ಮಾಡಿಸಿದರೆ ಒಂದು ಟ್ರ್ಯಾಕ್ಟರಿನಷ್ಟು ಕೊಡುತ್ತೇನೆ ಅಂದ. ನನ್ನ ಮಷೀನಿಗೆ ಆ ಟ್ರ್ಯಾಕ್ಟರಿನ ಒಂದು ಗಾಲಿ ಸಾಕಿತ್ತು. ನಾನೇ ಮಿಸ್ತ್ರಿಗೆ ಹೇಳಿ ಕಳಿಸಿದೆ.

ಮಿಸ್ತ್ರಿಯ ಗಡ್ಡ ಬೆಳ್ಳಗಾಗಿತ್ತು. ತನ್ನ ಹಳೇ ಬೆಸುಗೆಯ ಮೇಲೆ ಕೈಯಾಡಿಸಿ, "ಮುಚ್ಚತೇನ್ರಿ. ಆದ್ರ ದೊಡ್ಡಮ್ಮಾರಿಗಿ ಒಂದ್ ಮಾತ ಕೇಳ್ರಿ," ಅಂದ.

"ಅವ್ವನ ಮೊಣಕಾಲ ಸಲುವಾಗಿ ಮಾಡ್ಸಿದ್ದಲ್ಲ, ಕೇಳೂಣು," ಅಂದರು ಗಂಡ.

"ಯಾವ ಮೊಣಕಾಲ್ರಿ! ನಿಮಗಿಂತ ಮೊದ್ಲ ಅವ್ರ ನನ್ನ ದುಕಾನಿಗಿ ನಡಕೋತ ಬಂದಿದ್ರು. 'ಸೊಸಿ ಬಸರ ಅದಾಳ, ಕೂಸಿನಂಗ ಅಂಬೆಗಾಲ ಇಡಾಕತ್ತಾಳ. ಸೊಸಿ ಸಲುವಾಗಿ ಅಂದ್ರ ನನ್ನ ಮಗ ಕಾರ ಮುಟ್ಟಗೊಡಂಗಿಲ್ಲ. ನನ್ನ ಮೊಣಕಾಲ ಅಂತ ಹೇಳ್ತೇನಿ, ನೀ ಬಾಯಿ ಬಿಡಬ್ಯಾಡ' ಅಂದ್ರು. ನಾ ಇಲ್ಲೀತನಕ ಬಿಟ್ಟಿಲ್ರಿ."

ಗಂಡ ಕಾರನ್ನೇ ನೋಡುತ್ತ ನಿಂತರು. ನಾನು ಪಡಸಾಲೆಗೆ ಹೋದೆ. ಅರವತ್ತೈದು ದಾಟಿದ ಅತ್ತೆ ಕುಕ್ಕರುಗಾಲಿನಲ್ಲಿ ಕೂತು ಮೊರದಲ್ಲಿ ತೊಗರಿ ಕೇರುತ್ತಿದ್ದರು. ಹನ್ನೆರಡು ವರ್ಷ ದಿನಾ ಹಾಗೇ ಕೂತದ್ದನ್ನು ನೋಡಿದ್ದೆ. ಆ ಮೊಣಕಾಲು ನನ್ನ ಕಣ್ಣಿಗೆ ಬಿದ್ದದ್ದು ಅವತ್ತೇ. ನನಗೆ ನಾಚಿಕೆಯಾಯಿತು.

"ಅತ್ತಿ, ಮೊಣಕಾಲ ಹೆಂಗ ಅದಾವ್ರಿ?"

"ಯಾಕ, ಏನಾಗ್ಯಾದ ಅವಕ್ಕ?" ಅಂದರು, ಮೊರದಿಂದ ಕಣ್ಣೆತ್ತದೆ.

ಹೊರಗೆ ಬಂದು, "ಮುಚ್ಚಸಬ್ಯಾಡ್ರಿ," ಅಂದೆ. ಹೈದರಾಬಾದಿನವನು ಪುಸ್ತಕ ಮಡಚಿಕೊಂಡು ಹೋದ. ಮಷೀನು ಬರಲಿಲ್ಲ. ಆ ವರ್ಷದ ಶ್ಯಾವಿಗೆಯನ್ನು ಕೈಯಲ್ಲೇ ಹೊಸೆದು, ಕಾರನ್ನು ಅಂಗಳಕ್ಕೆ ತರಿಸಿ, ಬಾನೆಟ್ಟಿನ ಮೇಲೆ ಒಣಹಾಕಿದೆ. ಗಂಡ ಈ ಸಲ ಪೇಪರು ತರಲಿಲ್ಲ.

ಮುಂದಿನ ಹುಣ್ಣಿಮೆಗೆ ಗಾಣಗಾಪುರಕ್ಕೆ ಹೊರಟಾಗ ಹಿಂದಿನ ಬಾಗಿಲನ್ನು ನಾನೇ ತೆರೆದು ಹಿಡಿದೆ. "ಇವತ್ತ ನೀವ್ ಇಲ್ಲಿ ಕೂಡ್ರಿ ಅತ್ತಿ, ಆರಾಮ ಕಾಲ ಚಾಚಿ."

ಅತ್ತೆ ಬಾಗಿಲನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ನಾ ಹಿಂದ ಕುಂತ್ರ ಲಾರಿ ಯಾರ ನೋಡಬೇಕು? ಅದು ನಿಂದದ, ನೀ ಹತ್ತು," ಅಂದು ಮುಂದೆ ಹೋಗಿ ಕೂತರು.

ಹತ್ತಿದೆ. ಅತ್ತೆ ರಸ್ತೆ ನೋಡಿ, "ಹೋಗು," ಅಂದರು.